ಗಾಡಿಯ ಕಣ್ಣಿನ ಪೊರೆ: ಮನೆಯಲ್ಲೇ ಮದ್ದು

ಹೆಡ್‌ಲೈಟಿನ ಮೇಲಿನ ಗೀರು, ಮಬ್ಬು ಅಂದಕ್ಕೆ ಸಂಬಂಧಿಸಿದ ವಿಷಯವೆಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಅದು ರಾತ್ರಿ ಹೊತ್ತು ಎಷ್ಟು ದೂರ ಕಾಣುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಒಂದು ಬಕೆಟ್ ನೀರು, ನಾಲ್ಕಾರು ಹಾಳೆ ವಾಟರ್ ಪೇಪರ್, ಒಂದು ಭಾನುವಾರದ ಬೆಳಗು ಇದ್ದರೆ ಮನೆಯಲ್ಲೇ ಸರಿಪಡಿಸಬಹುದು. ಆದರೆ ಉಜ್ಜುವ ಮುಂಚೆ ಏನನ್ನು ಉಜ್ಜಿ ತೆಗೆಯುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಹುಮನಾಬಾದ್ ಎಂದರೆ ದಾರಿಗಳು ಕೂಡುವ ಊರು. ಪುಣೆಯಿಂದ ಸೊಲ್ಲಾಪುರ, ಉಮರ್ಗಾ ದಾಟಿ ಹೈದರಾಬಾದಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65 (ಹಳೆಯ ಲೆಕ್ಕದಲ್ಲಿ ಹೆದ್ದಾರಿ 9) ಮತ್ತು ನಾಂದೇಡದಿಂದ ಬೀದರ್ ಮೂಲಕ ಕಲಬುರಗಿ, ವಿಜಯಪುರದ ಕಡೆಗೆ ಇಳಿಯುವ ಹೆದ್ದಾರಿ 50 ಇಲ್ಲಿ ಸಂಧಿಸುತ್ತವೆ. ಹೆದ್ದಾರಿ 65ರಲ್ಲೇ ಪಶ್ಚಿಮಕ್ಕೆ ಹೋದರೆ ಸಸ್ತಾಪುರ ಬಂಗ್ಲಾ. ಅಲ್ಲಿಂದ ಒಳಗೆ ತಿರುಗಿದರೆ ಬಸವಕಲ್ಯಾಣ.

ಈ ದಾರಿಗಳಿಗೆ ರಾತ್ರಿ ಎಂಬುದೇ ಇಲ್ಲ. ಲಾರಿಗಳ ಸಾಲು, ಸಾರಿಗೆ ಸಂಸ್ಥೆಯ ಬಸ್ಸುಗಳು, ಕಬ್ಬು ನುರಿಸುವ ಕಾಲ ಬಂತೆಂದರೆ ಹಿಂದೀಪವಿಲ್ಲದೆ ತೆವಳುವ ಟ್ರ್ಯಾಕ್ಟರುಗಳು, ದತ್ತ ಜಯಂತಿಯ ಹೊತ್ತಿಗೆ ಮಾಣಿಕನಗರಕ್ಕೆ ಹೊರಟ ಭಕ್ತರು. ಇವೆಲ್ಲದರ ನಡುವೆಯೇ ಟ್ಯೂಷನ್ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಮರಳುವ ಹುಡುಗಿ. ಕಲಬುರಗಿಯಿಂದ ಕೊನೆಯ ಬಸ್ಸಿಗೆ ಬಂದ ಮಗನನ್ನು ಕರೆತರಲು ಹೊರಟ ತಂದೆ. ಇವರ ಸುರಕ್ಷತೆ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಮುಚ್ಚಳವನ್ನು ನೆಚ್ಚಿಕೊಂಡಿದೆ ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಲೆಕ್ಕ ಹಾಕಿಯೇ ನೋಡೋಣ.

ದೂರದ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಇದೆ ಎಂದು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ ಗಾಡಿ 25 ಮೀಟರ್ ಮುಂದೆ ಬಂದಾಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನ ಮೇಲೂ ಪೂರ್ತಿ ನಿಲ್ಲಲು ಇನ್ನು 20 ಮೀಟರ್ ಬೇಕು. ಒಟ್ಟು 45 ಮೀಟರ್.

ಇನ್ನು ಬೆಳಕಿನ ಲೆಕ್ಕ. ದೂರ ಎರಡು ಪಟ್ಟಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗವಾಗುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ದೀಪದ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಅದೇ ವಸ್ತು ಅಷ್ಟೇ ಬೆಳಗಿ ಕಾಣಲು ಅರ್ಧ ದೂರಕ್ಕೆ ಬರಬೇಕು. ಮೊದಲು 60 ಮೀಟರಿನಲ್ಲಿ ಕಾಣುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಈಗ 30 ಮೀಟರಿಗೆ ಬಂದಾಗ ಕಾಣುತ್ತದೆ. ನಿಲ್ಲಲು ಬೇಕಾದದ್ದು 45 ಮೀಟರ್! ಉಳಿದದ್ದನ್ನು ಹೇಳಬೇಕಿಲ್ಲ.

ನಾಲ್ಕನೇ ಒಂದು ಎಂಬುದು ಹೆದರಿಸಲು ಹೇಳಿದ ಸಂಖ್ಯೆಯಲ್ಲ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎ 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಹಳದಿಗಟ್ಟಿ ಮಬ್ಬಾದ ಹೆಡ್‌ಲೈಟುಗಳು ಹೊಸ ದೀಪದ ಬೆಳಕಿನಲ್ಲಿ ಶೇಕಡಾ 20ರಷ್ಟನ್ನು ಮಾತ್ರ ಕೊಟ್ಟವು. ಅವುಗಳನ್ನು ಉಜ್ಜಿ ಸರಿಪಡಿಸಿದಾಗ ಬೆಳಕು ಶೇಕಡಾ 70ರ ಆಸುಪಾಸಿಗೆ ಮರಳಿತು. ಹೊಸದರಷ್ಟು ಆಗಲಿಲ್ಲ, ನಿಜ. ಆದರೆ 20 ಎಲ್ಲಿ, 70 ಎಲ್ಲಿ!

ಗಾಜು ಹೋಗಿ ಪ್ಲಾಸ್ಟಿಕ್ ಬಂತು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ದುಂಡು ದೀಪಗಳು ಗಾಜಿನವು. ಕಲ್ಲು ಬಡಿದರೆ ಒಡೆಯುತ್ತಿದ್ದವೇ ಹೊರತು ಹಳದಿಯಾಗುತ್ತಿರಲಿಲ್ಲ. ಇಂದಿನ ಕಾರು, ಬೈಕುಗಳ ದೀಪದ ಮುಚ್ಚಳ ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಹಾಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದನ್ನು ಕಂಡುಹಿಡಿದರು. ಗಾಜಿನ ಅರ್ಧದಷ್ಟೂ ತೂಕವಿಲ್ಲ. ಸುತ್ತಿಗೆಯಿಂದ ಹೊಡೆದರೂ ಸುಲಭಕ್ಕೆ ಒಡೆಯುವುದಿಲ್ಲ. ಯಾವ ಆಕಾರಕ್ಕೆ ಬೇಕಾದರೂ ಎರಕ ಹೊಯ್ಯಬಹುದು. ಅಮೆರಿಕದ ಸರ್ಕಾರ 1983ರಲ್ಲಿ ನಿಯಮ ಸಡಿಲಿಸಿದ ಮೇಲೆ ಇಂಥ ದೀಪಗಳು ಅಲ್ಲಿಯ ಕಾರುಗಳಿಗೆ ಬಂದವು, ಕ್ರಮೇಣ ಜಗತ್ತಿಗೆಲ್ಲ ಹರಡಿದವು.

ಇಷ್ಟು ಗಟ್ಟಿಗನಿಗೂ ಎರಡು ದೌರ್ಬಲ್ಯಗಳಿವೆ. ಮೊದಲನೆಯದು, ಇದರ ಮೈ ಮೆದು. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಗಾಜನ್ನೇ ಗೀರಬಲ್ಲದು. ಪಾಲಿಕಾರ್ಬೊನೇಟ್ ಅದರ ಮುಂದೆ ಬೆಣ್ಣೆ. ಎರಡನೆಯದು, ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಿದ್ದರೆ ಅದರ ಅಣುಗಳ ಬಂಧ ಮುರಿದು, ಹಳದಿ ಬಣ್ಣದ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಆದ್ದರಿಂದಲೇ ಕಾರ್ಖಾನೆಯಲ್ಲಿ ಮುಚ್ಚಳದ ಹೊರಮೈಗೆ ಕೆಲವೇ ಮೈಕ್ರಾನ್ ದಪ್ಪದ, ಪಾರದರ್ಶಕವಾದ ಗಟ್ಟಿ ಲೇಪನ ಕೊಟ್ಟಿರುತ್ತಾರೆ. ಗೀರು ತಡೆಯುವುದೂ ಅದೇ, ಬಿಸಿಲು ತಡೆಯುವುದೂ ಅದೇ.

ಈಗ ನಮ್ಮ ಬೀದರ್ ಜಿಲ್ಲೆಯ ಬೇಸಿಗೆಯನ್ನು ನೆನೆಯಿರಿ. 40 ಡಿಗ್ರಿ ದಾಟುವ ಬಿಸಿಲು, ಕೆಂಪು ಜಂಬಿಟ್ಟಿಗೆ ಮಣ್ಣಿನ ಧೂಳು, ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿ. ಇವಕ್ಕೆಲ್ಲ ಕಳಶವಿಟ್ಟಂತೆ, ನಿಂತಲ್ಲಿ ಒಂದು ಒಣಬಟ್ಟೆ ತೆಗೆದು ದೀಪವನ್ನು ಗಸಗಸ ಒರೆಸುವ ನಮ್ಮ ಅಭ್ಯಾಸ! ಕೂದಲೆಳೆಯಂಥ ಗೀರುಗಳಲ್ಲಿ ಎಷ್ಟೋ ಪಾಲು ರಸ್ತೆಯಲ್ಲಿ ಆದದ್ದಲ್ಲ, ಕೈಯಾರೆ ಮಾಡಿಕೊಂಡದ್ದು.

ಕಲ್ಲುಸಕ್ಕರೆಯ ಪಾಠ

ಪ್ಲಾಸ್ಟಿಕ್ ಪಾರದರ್ಶಕ, ಗೀರು ಬಿದ್ದ ಜಾಗ ಮಾತ್ರ ಬೆಳ್ಳಗೆ ಕಾಣುವುದೇಕೆ? ಉತ್ತರ ಅಡುಗೆಮನೆಯಲ್ಲೇ ಇದೆ. ಕಲ್ಲುಸಕ್ಕರೆಯ ಹರಳನ್ನು ಎತ್ತಿ ಹಿಡಿದರೆ ಬೆಳಕು ದಾಟಿ ಬರುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಸುಣ್ಣದಂತೆ ಬೆಳ್ಳಗಾಗುತ್ತದೆ. ವಸ್ತು ಬದಲಾಗಲಿಲ್ಲ, ಮೈ ಮಾತ್ರ ಸಾವಿರ ಚೂರಾಯಿತು. ಪ್ರತಿ ಚೂರಿನ ಅಂಚೂ ಬೆಳಕನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತದೆ. ಗೀರಿನ ಒಳಗೋಡೆಗಳೂ ಹೀಗೆಯೇ. ರಸ್ತೆಗೆ ಹೋಗಬೇಕಾದ ಬೆಳಕು ಆಕಾಶಕ್ಕೆ, ಪಕ್ಕಕ್ಕೆ, ಎದುರಿನ ಸವಾರನ ಕಣ್ಣಿಗೆ ಚೆಲ್ಲಿಹೋಗುತ್ತದೆ. ಮಬ್ಬು ದೀಪದ ದೋಷ ಎರಡು ಬಗೆಯದು: ನಮಗೆ ಕಾಣುವುದಿಲ್ಲ, ಎದುರಿನವನಿಗೆ ಕಣ್ಣು ಕುಕ್ಕುತ್ತದೆ.

ಅದೇ ಮಬ್ಬು ದೀಪದ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಮಂತ್ರ ಹಾಕಿದಂತೆ ಅದು ತಿಳಿಯಾಗುತ್ತದೆ! ಹತ್ತನೇ ತರಗತಿಯ ವಕ್ರೀಭವನದ ಪಾಠ ಓದಿದವರಿಗೆ ಕಾರಣ ಹೊಳೆದೀತು. ಗಾಳಿಯ ವಕ್ರೀಭವನ ಸೂಚ್ಯಂಕ 1, ಪಾಲಿಕಾರ್ಬೊನೇಟಿನದು ಸುಮಾರು 1.58. ಅಂತರ ದೊಡ್ಡದು, ಆದ್ದರಿಂದ ಬೆಳಕು ಗೀರಿನಲ್ಲಿ ಜೋರಾಗಿ ಬಾಗುತ್ತದೆ. ನೀರಿನದು 1.33. ಗೀರಿನೊಳಗೆ ನೀರು ತುಂಬಿದಾಗ ಅಂತರ ಅರ್ಧಕ್ಕಿಂತ ಕಡಿಮೆಯಾಗಿ, ಬೆಳಕು ಹೆಚ್ಚು ಕಡಿಮೆ ನೇರವಾಗಿ ದಾಟುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಮನೆಯಲ್ಲಿ ಮಾಡಬಹುದಾದ ಅತಿ ಅಗ್ಗದ ಪರೀಕ್ಷೆ ಇದೇ. ನೀರು ಹಾಕಿದಾಗ ತಿಳಿಯಾದರೆ ದೋಷ ಹೊರಮೈಯಲ್ಲಿದೆ, ಉಜ್ಜಿದರೆ ಹೋಗುತ್ತದೆ. ನೀರು ಹಾಕಿದರೂ ಮಬ್ಬು ಹಾಗೆಯೇ ಇದ್ದರೆ ದೋಷ ಒಳಗಿದೆ: ಒಳಮೈ ಮಬ್ಬಾಗಿರಬಹುದು, ತೇವ ಹೊಕ್ಕಿರಬಹುದು, ಹಿಂದಿನ ಕನ್ನಡಿಯ ಲೇಪ ಸುಟ್ಟಿರಬಹುದು. ಹೊರಗೆ ಎಷ್ಟು ಉಜ್ಜಿದರೂ ಅದು ವ್ಯರ್ಥ.

ಇನ್ನೂ ಮೂರು ಸಂಗತಿ ನೋಡಿಕೊಳ್ಳಿ. ಮುಚ್ಚಳ ಗಾಜಿನದಾದರೆ ವಾಟರ್ ಪೇಪರ್ ಮುಟ್ಟಿಸಬೇಡಿ. ಉಗುರಿನಿಂದ ತಟ್ಟಿದರೆ ಗಾಜಿನ ಸದ್ದು ಗೊತ್ತಾಗುತ್ತದೆ. ಮುಚ್ಚಳ ಬಿರುಕು ಬಿಟ್ಟಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಮಳೆನೀರು ಒಳಗೆ ಇಳಿಯುತ್ತದೆ. ಒಂದೇ ಒಂದು ಗೀರು ಮೂಲೆಯಲ್ಲಿದ್ದು ಬೆಳಕಿಗೆ ಅಡ್ಡ ಬರುತ್ತಿಲ್ಲವಾದರೆ ಅದನ್ನು ಹಾಗೆಯೇ ಬಿಡುವುದು ಜಾಣತನ. ಅಷ್ಟು ಸಣ್ಣ ಗೀರಿಗಾಗಿ ಕಾರ್ಖಾನೆಯ ಲೇಪನವನ್ನೇ ಕೆರೆದು ಹಾಕಿದರೆ ಲಾಭಕ್ಕಿಂತ ನಷ್ಟ ಹೆಚ್ಚು.

ಬಿದರಿ ಕೆಲಸದ ದಾರಿ

ಗೀರನ್ನು 'ತುಂಬುವುದು' ಎಂದು ಹಲವರು ಭಾವಿಸುತ್ತಾರೆ. ಹಾಗೇನೂ ಇಲ್ಲ. ದೊಡ್ಡ ಗೀರನ್ನು ಅದಕ್ಕಿಂತ ಸಣ್ಣ ಗೀರುಗಳಿಂದ ಅಳಿಸುತ್ತೇವೆ. ಆ ಸಣ್ಣ ಗೀರುಗಳನ್ನು ಇನ್ನೂ ಸಣ್ಣವುಗಳಿಂದ ಅಳಿಸುತ್ತೇವೆ. ಕೊನೆಗೆ ಉಳಿದ ಗೀರುಗಳು ಬೆಳಕಿನ ತರಂಗಾಂತರಕ್ಕಿಂತ, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತ, ಚಿಕ್ಕದಾದಾಗ ಬೆಳಕಿಗೆ ಅವು ಇದ್ದೂ ಇಲ್ಲದಂತೆ.

ಈ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬೀದರಿನ ಬಿದರಿ ಕಲೆಯಲ್ಲಿ, ಸತು ಮತ್ತು ತಾಮ್ರದ ಎರಕದ ಪಾತ್ರೆ ಅಚ್ಚಿನಿಂದ ಹೊರಬಂದಾಗ ಅದರ ಮೈ ಒರಟಾಗಿರುತ್ತದೆ. ಕುಶಲಕರ್ಮಿ ಮೊದಲು ಅರದಿಂದ ಉಜ್ಜುತ್ತಾನೆ, ಆಮೇಲೆ ಮರಳು ಕಾಗದದಿಂದ ನಯಗೊಳಿಸುತ್ತಾನೆ. ಬೆಳ್ಳಿಯ ಎಳೆ ಕೂಡಿಸಿದ ಮೇಲೆ ಮತ್ತೊಮ್ಮೆ ನಯಗೊಳಿಸಿ, ಕೊನೆಗೆ ನವಸಾಗರ ಬೆರೆಸಿದ ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುತ್ತಾನೆ. ಒರಟಿನಿಂದ ನಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಒಂದು ಮೆಟ್ಟಿಲು ಹಾರಿದರೆ ಹಿಂದಿನ ಗೀರು ಕೊನೆಯವರೆಗೂ ಉಳಿದು ಅಣಕಿಸುತ್ತದೆ. ಹೆಡ್‌ಲೈಟಿಗೂ ಇದೇ ನಿಯಮ.

ಉಜ್ಜುವ ಕ್ರಮ

ಬೇಕಾದ ಸಾಮಾನು ಬಣ್ಣದಂಗಡಿಯಲ್ಲೋ ಆಟೊ ಬಿಡಿಭಾಗಗಳ ಅಂಗಡಿಯಲ್ಲೋ ಸಿಗುತ್ತದೆ: 800, 1000, 1500, 2000, ಸಿಕ್ಕರೆ 3000 ನಂಬರಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್. ಮನೆಯಿಂದ ಹಳೆಯ ಬನಿಯನ್ ಬಟ್ಟೆ, ಬಕೆಟ್, ಪಾತ್ರೆ ತೊಳೆಯುವ ಸೋಪು. ಪೇಪರಿನ ನಂಬರು ಹೆಚ್ಚಿದಷ್ಟೂ ಅದರ ಕಣ ಸಣ್ಣದು. 800ರ ಕಣ ಸುಮಾರು 22 ಮೈಕ್ರಾನ್ ಇದ್ದರೆ 2000ದ್ದು ಸುಮಾರು 10 ಮೈಕ್ರಾನ್.

ನೆರಳಿನಲ್ಲಿ ಗಾಡಿ ನಿಲ್ಲಿಸಿ, ದೀಪ ಆರಿಸಿ, ತಣ್ಣಗಾಗಲು ಬಿಡಿ. ಸೋಪಿನ ನೀರಿನಿಂದ ಧೂಳೆಲ್ಲ ಹೋಗುವಂತೆ ತೊಳೆಯಿರಿ. ದೀಪದ ಸುತ್ತಲಿನ ಬಣ್ಣದ ಮೇಲೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ; ಕೈ ಜಾರಿದರೆ ಬಣ್ಣ ಹೋದೀತು. ವಾಟರ್ ಪೇಪರನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಹಾಕಿ.

ಲೇಪನ ಸಿಪ್ಪೆಯಂತೆ ಏಳುತ್ತಿದ್ದರೆ, ಹಳದಿ ದಟ್ಟವಾಗಿದ್ದರೆ 800ರಿಂದ ಶುರು ಮಾಡಿ. ಉಗುರಿಗೆ ತಗಲದಷ್ಟು ತೆಳು ಗೀರುಗಳಾದರೆ 1500ರಿಂದ ಶುರು ಮಾಡಿದರೆ ಸಾಕು. ತೀರ ಕೂದಲೆಳೆಯವಾದರೆ ಪೇಪರ್ ಬೇಡವೇ ಬೇಡ, ಬರೀ ಕಾಂಪೌಂಡ್ ಸಾಕಾದೀತು. ಮೆದುವಾಗಿ, ನೀರು ಹನಿಸುತ್ತಾ, ಮೊದಲ ಪೇಪರಿನಲ್ಲಿ ಎಡದಿಂದ ಬಲಕ್ಕೆ ಉಜ್ಜಿ. ಇಳಿಯುವ ನೀರು ಹಾಲಿನಂತೆಯೋ ಹಳದಿಯಾಗಿಯೋ ಬಂದರೆ ಹಳೆಯ ಲೇಪನ ಹೋಗುತ್ತಿದೆ ಎಂದರ್ಥ. ಅರ್ಧ ಲೇಪನ ಉಳಿಸಬೇಡಿ, ತೇಪೆ ಹಾಕಿದಂತೆ ಕಂಡೀತು. ಆಳದ ಗೀರು ಒಂದೇ ಇದ್ದರೂ ಅಲ್ಲೊಂದೇ ಕಡೆ ತಿಕ್ಕಿದರೆ ಗುಳಿ ಬಿದ್ದು ಬೆಳಕಿನ ದಾರಿ ತಪ್ಪುತ್ತದೆ. ಸುತ್ತಲೂ ಅಗಲವಾಗಿ ಉಜ್ಜಬೇಕು.

ಇಡೀ ಮೈ ಒಂದೇ ಸಮನಾಗಿ ಮಸುಕಾದಾಗ ಆ ಪೇಪರಿನ ಕೆಲಸ ಮುಗಿಯಿತು. ಈ ಹಂತದಲ್ಲಿ ದೀಪ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿಯಾಗಿ ನಿಲ್ಲಿಸಿಬಿಡಬೇಡಿ. ಚೆನ್ನಾಗಿ ತೊಳೆದು, ಬಕೆಟಿನ ನೀರನ್ನೂ ಬದಲಿಸಿ ಮುಂದಿನ ನಂಬರಿಗೆ ಹೋಗಿ. ಹಿಂದಿನ ಪೇಪರಿನ ಒಂದೇ ಒರಟು ಕಣ ಉಳಿದರೂ ಹೊಸ ಗೀರು ಎಳೆಯುತ್ತದೆ. ಈ ಸಲ ಮೇಲಿನಿಂದ ಕೆಳಕ್ಕೆ ಉಜ್ಜಿ. ಅಡ್ಡ ಗೀರುಗಳು ಪೂರ್ತಿ ಅಳಿದು ಬರೀ ಉದ್ದ ಗೀರುಗಳು ಉಳಿದವೆಂದರೆ ಮುಂದಿನ ಮೆಟ್ಟಿಲಿಗೆ ಅಪ್ಪಣೆ ಸಿಕ್ಕಂತೆ. ಹೀಗೆ ದಿಕ್ಕು ಬದಲಿಸುತ್ತಾ 2000 ಅಥವಾ 3000ದವರೆಗೆ ಹೋಗಿ, ಕೊನೆಗೆ ಬನಿಯನ್ ಬಟ್ಟೆಗೆ ಕಾಂಪೌಂಡ್ ಹಚ್ಚಿ ಸುತ್ತು ಸುತ್ತಾಗಿ ತಿಕ್ಕಿ. ಪೊರೆ ಕಳಚಿದ ಕಣ್ಣಿನಂತೆ ದೀಪ ನಿಧಾನವಾಗಿ ತೆರೆದುಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ. ಡ್ರಿಲ್ ಯಂತ್ರಕ್ಕೆ ಸ್ಪಂಜು ಸಿಕ್ಕಿಸಿ ತಿಕ್ಕುವವರು ವೇಗ ಕಡಿಮೆ ಇಟ್ಟುಕೊಳ್ಳಬೇಕು. ಒಂದೇ ಕಡೆ ಒತ್ತಿ ಹಿಡಿದರೆ ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಅರ್ಧ ಕೆಲಸ ಇನ್ನೂ ಉಳಿದಿದೆ

ಹೆಚ್ಚಿನವರು ಇಲ್ಲಿಗೆ ಕೈತೊಳೆದುಕೊಳ್ಳುತ್ತಾರೆ. ಕೆಲವು ತಿಂಗಳಲ್ಲಿ ದೀಪ ಮೊದಲಿಗಿಂತ ಬೇಗ ಹಳದಿಯಾದಾಗ ಹಣೆ ಚಚ್ಚಿಕೊಳ್ಳುತ್ತಾರೆ. ಕಾರಣ ಸರಳ. ಕಾರ್ಖಾನೆಯವರು ಬಿಸಿಲಿಗೆ ಹಿಡಿದ ಕೊಡೆಯನ್ನು ನಾವು ಉಜ್ಜಿ ತೆಗೆದಿದ್ದೇವೆ. ಬದಲಿಗೆ ಇನ್ನೊಂದು ಕೊಡೆ ಹಿಡಿಯದೆ ಬಿಟ್ಟರೆ ಬರಿಮೈ ಬಿಸಿಲಿಗೆ ಸಿಕ್ಕಂತಾಯಿತು.

ಕೊಡೆ ಹಿಡಿಯಲು ದಾರಿಗಳಿವೆ. ಕಡಿಮೆ ಖರ್ಚಿನದು ಕಾರಿನ ಮೇಣದ ಪಾಲಿಶ್; ಮಳೆಗೂ ಬಿಸಿಲಿಗೂ ಅದು ಬೇಗ ಕರಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಅದಕ್ಕಿಂತ ಬಾಳಿಕೆಯದು ಹೆಡ್‌ಲೈಟಿಗೆಂದೇ ಬರುವ, ಅತಿನೇರಳೆ ಕಿರಣ ತಡೆಯುವ ದ್ರವ ಲೇಪನ. ಮೊದಲು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ಒರೆಸಿ, ಪೂರ್ತಿ ಒಣಗಿಸಿ, ತೆಳುವಾಗಿ ಒಂದೇ ದಿಕ್ಕಿನಲ್ಲಿ ಹಚ್ಚಿ, ಧೂಳು ಇಬ್ಬನಿ ತಾಗದಂತೆ ಆರಲು ಬಿಡಬೇಕು. ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸುವುದೂ ಉಂಟು. ಬಣ್ಣದ ಶೆಡ್ಡಿನಲ್ಲಿ ಹೊಡೆಯುವ ಎರಡು ದ್ರವ ಬೆರೆಸುವ ಕ್ಲಿಯರ್ ಲ್ಯಾಕರ್ ಗಟ್ಟಿಮುಟ್ಟಾದದ್ದು ನಿಜ. ಆದರೆ ಅದರ ಗಟ್ಟಿಕಾರಕದಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ. ಮನೆಯಂಗಳದಲ್ಲಿ, ಮಕ್ಕಳೆದುರು ಅದು ಬೇಡ. ಸರಿಯಾದ ಮುಖಕವಚವಿರುವ ಪೇಂಟರಿಗೆ ಬಿಡಿ.

ಟೂತ್‌ಪೇಸ್ಟ್, ಪೆಟ್ರೋಲ್, ದೊಡ್ಡ ಬಲ್ಬು

ಟೂತ್‌ಪೇಸ್ಟಿನಿಂದ ತಿಕ್ಕಿದರೆ ದೀಪ ಹೊಳೆಯುತ್ತದೆ ಎಂಬ ಮಾತಿದೆ. ಸುಳ್ಳಲ್ಲ. ಅದರಲ್ಲಿ ಹಲ್ಲುಜ್ಜಲೆಂದು ಸೇರಿಸಿದ ನುಣುಪಾದ ಕಣಗಳಿವೆ, ತೆಳು ಮಬ್ಬನ್ನು ಅವು ತೆಗೆಯುತ್ತವೆ. ಆಳದ ಗೀರಿಗೆ ಅದು ಸಾಲದು. ಬಿಸಿಲಿನಿಂದ ರಕ್ಷಣೆಯಂತೂ ಕೊಡದು. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಮಾತ್ರ ಹತ್ತಿರ ಸುಳಿಯಬಾರದು. ಅವು ಪಾಲಿಕಾರ್ಬೊನೇಟಿನೊಳಗೆ ಇಳಿದು ಜೇಡರಬಲೆಯಂಥ ಬಿರುಕು ಹುಟ್ಟಿಸುತ್ತವೆ. ಸೊಳ್ಳೆ ಓಡಿಸುವ ಸ್ಪ್ರೇಯ ಚಮತ್ಕಾರವೂ ಇಂಥದ್ದೇ. ಮೇಲ್ಮೈಯನ್ನು ಕರಗಿಸಿ ಕ್ಷಣಕಾಲ ಹೊಳಪು ತಂದು, ಆಮೇಲೆ ಅಂಟಂಟಾಗಿಸಿ ಹಾಳುಗೆಡವುತ್ತದೆ.

ಇನ್ನು ಕೆಲವರ ಉಪಾಯ ದೊಡ್ಡ ಬಲ್ಬು. ಮುಚ್ಚಳದ ಮಬ್ಬು ತೆಗೆಯದೆ 60/55 ವ್ಯಾಟ್ ಇರುವ ಕಡೆ ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಚೆಲ್ಲಾಪಿಲ್ಲಿಯಾಗುವ ಬೆಳಕೇ ಹೆಚ್ಚುತ್ತದೆ. ಎದುರಿನವನ ಕಣ್ಣು ಕತ್ತಲಾಗುತ್ತದೆ, ತಂತಿಯೂ ಮುಚ್ಚಳವೂ ಕಾಯುತ್ತವೆ. ಕನ್ನಡಕ ಕೊಳೆಯಾದರೆ ಒರೆಸಬೇಕೇ ಹೊರತು ಮನೆಯ ದೀಪ ಹೆಚ್ಚಿಸಿ ಫಲವೇನು?

ಬೈಕ್ ಓಡಿಸುವ ಮಕ್ಕಳಿಗೆ ಒಂದು ಎಚ್ಚರಿಕೆ. ಹೆಲ್ಮೆಟ್ಟಿನ ಮುಖಗಾಜೂ ಸಾಮಾನ್ಯವಾಗಿ ಪಾಲಿಕಾರ್ಬೊನೇಟೇ. ಆದರೆ ಅದನ್ನು ಈ ಕ್ರಮದಲ್ಲಿ ಉಜ್ಜಬೇಡಿ. ಅದರ ಮೂಲಕ ನೇರವಾಗಿ ಕಣ್ಣು ನೋಡಬೇಕು, ಸ್ವಲ್ಪ ಏರುಪೇರಾದರೂ ನೋಟ ವಕ್ರವಾಗುತ್ತದೆ. ಗೀರಿದ ಮುಖಗಾಜನ್ನು ಬದಲಿಸುವುದೇ ಸರಿ.

ಒಂದು ಪ್ರಯೋಗ

ವಿದ್ಯಾರ್ಥಿಗಳು ಈ ಕೆಲಸವನ್ನು ವಿಜ್ಞಾನದ ಪ್ರಯೋಗವಾಗಿಯೂ ಮಾಡಬಹುದು. ಭಾನುವಾರ ಕಾರಿನ ಒಂದೇ ದೀಪ ಉಜ್ಜಿ, ಇನ್ನೊಂದನ್ನು ಹಾಗೆಯೇ ಬಿಡಿ. ಕತ್ತಲಾದ ಮೇಲೆ ಸಮತಟ್ಟು ಜಾಗದಲ್ಲಿ ಗೋಡೆಯಿಂದ ಐದು ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ತಂದೆಯವರಿಗೆ ಲೋ ಬೀಮ್ ಹಾಕಲು ಹೇಳಿ. ಒಂದೊಂದೇ ದೀಪಕ್ಕೆ ರಟ್ಟು ಅಡ್ಡ ಹಿಡಿದು ಗೋಡೆಯ ಮೇಲಿನ ಬೆಳಕನ್ನು ಹೋಲಿಸಿ. ಉಜ್ಜಿದ ದೀಪದ ಬೆಳಕಿಗೆ ಸ್ಪಷ್ಟವಾದ ಮೇಲಂಚು ಇರುತ್ತದೆ. ಉಜ್ಜದ ದೀಪದ್ದು ಮೇಲೆ ಕೆಳಗೆ ಹರಡಿರುತ್ತದೆ. ಆ ಹರಡಿದ ಬೆಳಕೇ ರಸ್ತೆಗೆ ಸಿಗದೆ ಪೋಲಾಗುತ್ತಿದ್ದದ್ದು. ಮರುದಿನ ಎರಡನೆಯ ದೀಪ ಉಜ್ಜಲು ಯಾರೂ ಹೇಳಿಸಿಕೊಳ್ಳಲಾರರು.

ಆಮೇಲೆ ಉಳಿಯುವುದು ದಿನನಿತ್ಯದ ಪಥ್ಯ. ಸಾಧ್ಯವಾದಷ್ಟೂ ನೆರಳಿನಲ್ಲಿ ನಿಲ್ಲಿಸಿ. ದೀಪದ ಮೇಲೆ ಧೂಳು ಕಂಡರೆ ಮೊದಲು ನೀರು ಸುರಿಯಿರಿ, ಬಟ್ಟೆ ಆಮೇಲೆ ಬರಲಿ. ಕುಡಿಯುವ ನೀರಿನ ಬಾಟಲಿಯಲ್ಲಿ ಉಳಿದ ಎರಡು ಗುಟುಕು ಸಾಕು, ಧೂಳಿನ ಕಣ ಜಾರಿಹೋಗುತ್ತದೆ, ಗೀರು ಬೀಳುವುದು ತಪ್ಪುತ್ತದೆ.